ಅಪ್‌ಡೇಟ್: 40 ಲೀಟರ್ ಬ್ಯಾಗೇ ಸಾಕಾಯಿತು

ವರ್ಷವಿಡೀ ದೇಶ ದೇಶ ಸುತ್ತಲು 65 ಲೀಟರ್ ಬ್ಯಾಗ್ ಬೇಕಾ, 40 ಸಾಕಾ ಅಂತ ಕೇಳಿದ್ದೆ ಅಲ್ವಾ? ನಿಮ್ಮಲ್ಲಿ ಹೆಚ್ಚಿನವರು ಚಿಕ್ಕದೇ ಸಾಕು ಅಂದಿರಿ, ಅದನ್ನೇ ತೆಗೆದುಕೊಂಡೆ. ತುಂಬಾ ಥ್ಯಾಂಕ್ಸ್.

ಈಗ ಬೊಲಿವಿಯಾದ ಲಾ ಪಾಜ್‌ನಲ್ಲಿದ್ದೇನೆ. ವಿಯೆಟ್ನಾಂ, ಥಾಯ್ಲೆಂಡ್‌ನ ಸೆಕೆ ದಾಟಿ ಸುಮಾರು 3,600 ಮೀಟರ್ ಎತ್ತರದ ಈ ಚಳಿಗೆ ಬಂದರೂ ಬ್ಯಾಗ್ ಬದಲಿಸಬೇಕಾಗಲಿಲ್ಲ. ದಪ್ಪ ಜಾಕೆಟ್ ಬೇಡ, ಒಂದರ ಮೇಲೊಂದು ತೆಳು ಬಟ್ಟೆ ಹಾಕಿ ಅಂತ ನೀವು ಅಂದಿದ್ದು ನೂರಕ್ಕೆ ನೂರು ನಿಜ. ಒಳಗೆ ಮೆರಿನೊ ಉಣ್ಣೆಯ ಟೀ ಶರ್ಟ್, ಮೇಲೆ ಫ್ಲೀಸ್ (ಹಗುರವಾದ ಬೆಚ್ಚನೆಯ ಮೇಲಂಗಿ), ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಅಷ್ಟೇ. ಮೆರಿನೊ ದುಬಾರಿ, ಆದರೆ ಮೂರ್ನಾಲ್ಕು ದಿನ ಹಾಕಿದರೂ ವಾಸನೆ ಬರುವುದಿಲ್ಲ, ಹಾಗಾಗಿ ಎರಡೇ ಸಾಕು. ಜೀನ್ಸ್ ಸುಮ್ನೆ ಭಾರ, ಬೇಗ ಒಣಗುವುದೂ ಇಲ್ಲ.

ಯಾರೂ ಹೇಳದ ಒಂದು ವಸ್ತು ಅಂದರೆ ನಮ್ಮ ಹತ್ತಿ ಪಂಚೆ. ಸ್ನಾನಕ್ಕೆ ಟವೆಲ್, ರಾತ್ರಿ ಬಸ್ಸಲ್ಲಿ ಹೊದಿಕೆ, ಹಾಸ್ಟೆಲ್‌ನ ಕೆಳಗಿನ ಮಂಚಕ್ಕೆ ಪರದೆ, ಎಲ್ಲಕ್ಕೂ ಅದೇ! ಖಂಡಿತ ಇಟ್ಟುಕೊಳ್ಳಿ.

ಏಷ್ಯಾದ ಎಷ್ಟೋ ಅಗ್ಗದ ವಿಮಾನಗಳಲ್ಲಿ ಒಳಗೆ ಒಯ್ಯುವ ಬ್ಯಾಗಿಗೆ 7 ಕಿಲೋ ಮಿತಿ, ತೂಕ ಹಾಕಿಯೇ ಬಿಡುತ್ತಾರೆ, ಅದಕ್ಕೆ ಭಾರದ ಶೂ ಕಾಲಲ್ಲೇ ಇರಲಿ. ಶಾಂಪೂ ಬದಲು ಸೋಪು ಒಯ್ದರೆ ವಿಮಾನದೊಳಗೆ ಒಯ್ಯುವ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿಯ ತಲೆಬಿಸಿ ಇಲ್ಲ. ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, 100 ವ್ಯಾಟ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಒಳಗಿನದ್ದು ಕೊಳ್ಳಿ. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್ ಬರುತ್ತದೆ.

ಸ್ಲೀಪಿಂಗ್ ಬ್ಯಾಗ್ ಕೇಳಿದವರಿಗೆ: ಒಯ್ಯಬೇಡಿ. ಮುಂದೆ ಬೊಲಿವಿಯಾದ್ದೇ ಆದ ಯುಯುನಿ ಉಪ್ಪಿನ ಬಯಲಿಗೆ ಹೊರಟಿದ್ದೇನೆ, ಅಲ್ಲಿ ಬಾಡಿಗೆಗೆ ಸಿಗುತ್ತದೆ.