ಸೊನ್ನೆ ನುಂಗುವ ಸೋದರತ್ತೆ

"ದಿಲ್ಲಿ ಬ್ರಾಂಚಿನ ಎಸ್‌ಟಿಡಿ ಕೋಡ್ 011 ಅಂತ ತಾನೇ ಫೈಲಲ್ಲಿ ಬರೆದಿದ್ದು? ಸ್ಕ್ರಿಪ್ಟ್ ಓದಿ 9 ಅಂತಿದೆ!" ವಿಶ್ವ ಇಡ್ಲಿ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತಿರುಗಿಸಿದ. ಮುಂಬೈ 022 ಹೋಗಿ 18, ಚೆನ್ನೈ 044 ಹೋಗಿ 36.

"ಯಾಮೆಲ್ಲಾ?" ಅಂದರು ಸುಬ್ಬಣ್ಣ.

"ಹೂಂ, ಸೆಟ್ಟಿಂಗ್ಸ್ ಫೈಲನ್ನ ಈಗ ಎಲ್ಲರೂ ಅದರಲ್ಲೇ ಬರೆಯೋದು."

"ಬರೆಯೋದು ಎಲ್ಲರೂ, ಓದೋದು ಅದಕ್ಕೆ ತೋಚಿದ್ದು. ಅದು ಫೈಲಲ್ಲ ಕಣೋ, ಸೋದರತ್ತೆ. ನೀನು ಕಾಫಿ ಬೇಡ ಅಂದ್ರೆ, ಹುಡುಗ ಯಾರನ್ನೋ ನೋಡ್ಕೊಂಡಿದಾನೆ ಅಂತ ತೀರ್ಮಾನ. ಮುಂದೊಂದು ಸೊನ್ನೆ ಕಂಡ್ರೆ ಹತ್ತರ ಬದಲು ಎಂಟರ ಲೆಕ್ಕ. ಒಂದೆಂಟ್ಲೆ ಎಂಟು, ಮೇಲೊಂದು, ಒಂಬತ್ತು. 2009ರಲ್ಲೇ ಯಾಮೆಲ್ 1.2 ಆವೃತ್ತಿ ಬಂದು ಬುದ್ಧಿ ಹೇಳಿತ್ತು. ಆದ್ರೆ ಅದನ್ನ ಓದಿಕೊಡೋ ನಿನ್ನ ಪೈಥಾನ್ ಲೈಬ್ರರಿ ಪೈಯಾಮೆಲ್ ಇನ್ನೂ 1.1 ಕಾಲದ್ದು."

"ಮತ್ತೆ ನಮ್ಮ 080 ಹಾಗೇ ಇದೆಯಲ್ಲ!" ಶೀನ ಬಗ್ಗಿ ನೋಡಿದ. "ಕನ್ನಡಾಭಿಮಾನ ಅಂದ್ರೆ ಇದು."

"ಅಭಿಮಾನ ಎಲ್ಲಿಂದ ಬಂತು? ಎಂಟರ ಲೆಕ್ಕದಲ್ಲಿ ಏಳಕ್ಕೇ ಅಂಕಿ ಮುಗೀತು, ಎಂಟು ಕಂಡ್ರೆ ಕಕ್ಕಾಬಿಕ್ಕಿ, ಸಂಖ್ಯೆಯೇ ಅಲ್ಲ ಅಂತ ಅಕ್ಷರವಾಗಿ ಬಿಟ್ಟುಬಿಡುತ್ತೆ. ಮೈಸೂರು 0821, ಮಂಗಳೂರು 0824, ಎಲ್ಲಾ ಹಾಗೇ ಬಚಾವಾಗಿದ್ದು."

"ಯಾಮೆಲ್ ಬಿಟ್ಟು ಜೇಸನ್ ಫೈಲಿಗೆ ಹೋಗಲಾ?"

"ಅದು ಸೊನ್ನೆ ಕಂಡ ಕೂಡಲೇ ತಪ್ಪು ಅಂತ ಕೈಕಟ್ಟಿ ನಿಲ್ಲುತ್ತೆ. ನಿಯತ್ತಿನ ಪ್ರಾಣಿ. ಆದ್ರೆ ಪಕ್ಕದಲ್ಲಿ ಒಂದು ಕಾಮೆಂಟ್ ಗೀಚೋ ಹಾಗಿಲ್ಲ."

"ಹಳೇ ಐಎನ್‌ಐ ಫೈಲು?"

"ಅದನ್ನ ಓದೋ ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಬರೆದದ್ದನ್ನ ಬರೆದ ಹಾಗೇ ಅಕ್ಷರವಾಗಿ ಕೊಡುತ್ತೆ. ಫಾಲ್ಸ್, ಅಂದ್ರೆ ಸುಳ್ಳು, ಅಂತ ಬರೆದಿದ್ರೆ ಅದೂ ಅಕ್ಷರವೇ. ಹಾಗೇ ಇಫ್ ಷರತ್ತಿಗೆ ಕೊಟ್ರೆ ನಿಜ ಅಂತ ಒಳಗೆ ಬಿಟ್ಕೊಳುತ್ತೆ. ಗೆಟ್‌ಬೂಲಿಯನ್ ಅಂತ ನೀನೇ ಕೇಳಿ ತಗೋಬೇಕು."

"ಒಂದು ಸೊನ್ನೆಗೆ ಇಷ್ಟು ರಾಮಾಯಣವೇ?"

"ಸೊನ್ನೆ ಬೆಲೆ ನಿಮಗೇನು ಗೊತ್ತು! ಎಸ್‌ಟಿಡಿ ಮಾಡ್ಬೇಕಾದ್ರೆ ಮೊದಲು ತಿರುಗಿಸ್ತಿದ್ದಿದ್ದೇ ಅದನ್ನ. ಬಿಲ್ಲಿಗೆ ಹೆದರಿ ನಮ್ಮಪ್ಪ ಡಯಲ್ ತೂತಿಗೆ ಪುಟ್ಟ ಬೀಗ ಜಡಿದಿದ್ರು. ನಾನು ರಿಸೀವರ್ ಕೂರೋ ಗುಂಡಿ ತಟ್ಟಿ ನಂಬರ್ ಹಾಕ್ತಿದ್ದೆ. ಒಂದಕ್ಕೆ ಒಂದು ತಟ್ಟು, ಸೊನ್ನೆಗೆ ಹತ್ತು. ಧಾರವಾಡ 0836. ಹತ್ತು, ಎಂಟು, ಮೂರು, ಆರು. ಊರು ಮುಟ್ಟೋಕೇ ಇಪ್ಪತ್ತೇಳು ತಟ್ಟು. ಒಂದು ಹೆಚ್ಚು ಕಮ್ಮಿ ಆದ್ರೆ ಇನ್ಯಾರೋ ಎತ್ತೋರು. ಸರಿಯಾಗಿ ಬಿದ್ರೆ ಅವಳೇ ಎತ್ತೋಳು."

ಶೀನ ಮೆಲ್ಲಗೆ ಕೇಳಿದ, "ಅವರೇ ನಮ್ಮ ಅತ್ತಿಗೆನಾ?"

"ಅಲ್ಲ." ಸುಬ್ಬಣ್ಣ ಇನ್ನೊಂದು ಬೈಟು ಕಾಫಿ ಹೇಳಿದರು.

ಅಷ್ಟರಲ್ಲಿ ವಿಶ್ವ ಎಲ್ಲಾ ಎಸ್‌ಟಿಡಿ ಕೋಡ್‌ಗೂ ಕೊಟೇಶನ್ ಸಿಕ್ಕಿಸಿ ಮತ್ತೆ ಓಡಿಸಿದ್ದ. "ದಿಲ್ಲಿ ಸರಿಹೋಯ್ತು ಸುಬ್ಬಣ್ಣ! ಆದ್ರೆ ನಾರ್ವೆ ಬ್ರಾಂಚೇ ಕಾಣ್ತಿಲ್ಲ. ದೇಶದ ಕೋಡ್ ಎನ್ ಓ (NO) ಅಂತ ಹಾಕಿದ್ದೆ, ಫಾಲ್ಸ್ ಅಂತ ಬಂದಿದೆ."

"ನೋ ಅಂದ್ಯಲ್ಲಪ್ಪ. ಅತ್ತೆ ಸಂಬಂಧ ಮುರಿದು ಬಂದಿದಾಳೆ."