ಒಬ್ಬರಿಗೆ ಪ್ರೇಮಕಥೆ, ಇನ್ನೊಬ್ಬರಿಗೆ ಕೊಲೆ ಕೇಸು: ‘ಫ್ಲವರ್ ಆಫ್ ಈವಿಲ್’ ಇಬ್ಬರೂ ಕೂತು ನೋಡಬಹುದಾ?

ಊಟದ ಮೇಲೆ ಟಿವಿ (ಕೇಳಿದವರು):

ನಮ್ಮ ಮನೆ ಕಷ್ಟ ಹೇಳಿಬಿಡುತ್ತೇನೆ. ನನಗೆ ಪೊಲೀಸ್ ತನಿಖೆ ಇರಬೇಕು. ನನ್ನ ಹೆಂಡತಿಗೆ ಪ್ರೇಮಕಥೆ ಬೇಕು, ರಕ್ತ ಕಂಡರೆ ಎದ್ದು ಹೋಗುತ್ತಾಳೆ. ರಾತ್ರಿ ಊಟ ಆದ ಮೇಲೆ ಸಿಗುವುದು ಒಂದೂವರೆ ಗಂಟೆ. ಅದರಲ್ಲಿ ಅರ್ಧ ಗಂಟೆ ಏನು ನೋಡೋಣ ಅನ್ನುವ ಜಗಳಕ್ಕೇ ಹೋಗುತ್ತದೆ. ಆಫೀಸಿನಲ್ಲಿ ಒಬ್ಬರು ‘ಫ್ಲವರ್ ಆಫ್ ಈವಿಲ್’ ಅನ್ನೋ ಕೊರಿಯನ್ ಧಾರಾವಾಹಿ ನೋಡಿ, ಎರಡೂ ಇದೆ ಅಂದರು. ಮೊದಲ ಕಂತು ನೋಡಿದೆವು. ಗಂಡ ನೆಲಮಾಳಿಗೆಯಲ್ಲಿ ಒಬ್ಬನನ್ನು ಕಟ್ಟಿ ಹಾಕಿದ್ದಾನೆ. ಹೆಂಡತಿಗೆ ಏನೂ ಗೊತ್ತಿಲ್ಲ. “ಇದಾ ನಿಮ್ಮ ಪ್ರೇಮಕಥೆ?” ಅಂತ ಕೇಳಿದಳು ಇವಳು. ಮುಂದುವರಿಸೋದಾ, ಬಿಡೋದಾ? ನೋಡಿದವರು ಹೇಳಿ. ಕಥೆ ಮಾತ್ರ ಬಿಟ್ಟುಕೊಡಬೇಡಿ.

ನೈಟ್ ಶಿಫ್ಟ್ ನರ್ಸ್:

ಬಿಡಬೇಡಿ. ಕನಿಷ್ಠ ನಾಲ್ಕು ಕಂತು ಕೊಡಿ. ನಾನೂ ನಿಮ್ಮ ಹೆಂಡತಿಯ ಹಾಗೆಯೇ ಮೊದಲ ಕಂತಿಗೆ ಮುಖ ಸಿಂಡರಿಸಿದವಳು. ಆಸ್ಪತ್ರೆಯಲ್ಲಿ ನೋಡುವ ರಕ್ತ ಸಾಲದಾ, ಮನೆಗೆ ಬಂದು ಇದನ್ನೂ ನೋಡಬೇಕಾ ಅನ್ನಿಸಿತ್ತು.

ಇದು 2020ರ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಟಿವಿಎನ್ ಅನ್ನುವ ಕೇಬಲ್ ಚಾನೆಲ್‌ನಲ್ಲಿ ಬಂದದ್ದು. ಒಟ್ಟು 16 ಕಂತು, ಒಂದೊಂದೂ ಒಂದು ಗಂಟೆಗಿಂತ ಜಾಸ್ತಿ. ಗಂಡನ ಪಾತ್ರ ಲೀ ಜೂನ್-ಗಿ ಅವರದ್ದು. ಮನೆಯಲ್ಲೇ ವರ್ಕ್‌ಶಾಪ್ ಇಟ್ಟುಕೊಂಡು ಲೋಹದ ಕುಸುರಿ ಕೆಲಸ ಮಾಡುತ್ತಾನೆ. ಅಡುಗೆ ಮಾಡುತ್ತಾನೆ, ಮಗಳನ್ನು ನೋಡಿಕೊಳ್ಳುತ್ತಾನೆ. ಹೆಂಡತಿ ಮೂನ್ ಚೇ-ವನ್, ಕೊಲೆ ಕೇಸುಗಳ ಪತ್ತೇದಾರಿ ಪೊಲೀಸ್. ಗಂಡನ ಹೆಸರಿನಿಂದ ಹಿಡಿದು ಎಲ್ಲವೂ ಸುಳ್ಳು ಅನ್ನುವುದು ನಮಗೆ ಮೊದಲೇ ಗೊತ್ತು. ಅವಳಿಗೆ ಗೊತ್ತಿಲ್ಲ. 18 ವರ್ಷ ಹಿಂದಿನ ಒಂದು ಕೇಸಿನ ಎಳೆ ಹಿಡಿದು ಅವಳು ಹೊರಡುತ್ತಾಳೆ. ಆ ಎಳೆ ಅವಳ ಅಡುಗೆಮನೆಗೇ ಬರುತ್ತದೆ.

ಈಗ ನೋಡಿ, ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಕೊಂದವನು ಯಾರು ಅಂತ ಕಾಯುತ್ತೇವೆ. ಇಲ್ಲಿ ಅವಳಿಗೆ ಯಾವಾಗ ಗೊತ್ತಾಗುತ್ತೆ ಅಂತ ಕಾಯುತ್ತೇವೆ. ಅವಳು ದಡ್ಡಿಯಾಗಿದ್ದರೆ ಸಂಸಾರ ಉಳಿಯುತ್ತಿತ್ತು. ಕೆಲಸದಲ್ಲಿ ಚುರುಕು, ಅದೇ ತೊಂದರೆ. ಒಂದು ಸುಳಿವು ಸಿಕ್ಕರೆ ಪೊಲೀಸ್ ಆಗಿ ಖುಷಿ ಪಡಬೇಕು, ಹೆಂಡತಿಯಾಗಿ ಹೆದರಬೇಕು. ಮೂನ್ ಚೇ-ವನ್ ಎರಡನ್ನೂ ಒಂದೇ ಮುಖದಲ್ಲಿ ತೋರಿಸುತ್ತಾರೆ. ಹಾಗಾಗಿ ಕೊಲೆ ಒಂದು ಕಡೆ, ಪ್ರೇಮ ಇನ್ನೊಂದು ಕಡೆ ಅಂತ ಇಲ್ಲ. ನೀವು ತನಿಖೆ ಅಂತ ನೋಡುವ ದೃಶ್ಯವನ್ನೇ ನಿಮ್ಮ ಹೆಂಡತಿ ಸಂಸಾರದ ದೃಶ್ಯ ಅಂತ ನೋಡಬಹುದು.

ಗಂಡನಿಗೆ ಭಾವನೆ ಅರ್ಥವಾಗುವುದಿಲ್ಲ ಅಂತ ಅವನೇ ನಂಬಿದ್ದಾನೆ. ವಿಡಿಯೋ ಹಾಕಿಕೊಂಡು ನಗುವುದನ್ನು ಅಭ್ಯಾಸ ಮಾಡುತ್ತಾನೆ. ಮೊದಲು ನೋಡಿದಾಗ ಮೈ ಜುಮ್ಮೆಂದಿತ್ತು. ಮುಗಿದ ಮೇಲೆ ಅದೇ ದೃಶ್ಯ ನೆನಪಾಗಿ ಪಾಪ ಅನ್ನಿಸಿತು.

ನಾನು ಪಾಳಿ ಮುಗಿಸಿ ಬಂದು, ಬೆಳಗ್ಗೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ನಮ್ಮೆಜಮಾನ್ರು ಗೊರಕೆ. ಒಂದು ದಿನ ಫೋನ್ ಕೆಳಗಿಟ್ಟು ಅವರ ಮುಖವನ್ನೇ ನೋಡಿದೆ. ಮದುವೆಯಾಗಿ 17 ವರ್ಷ. ಗೊರಕೆಯ ತಾಳ ಕೂಡ ಗೊತ್ತು. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಹೋದ ವರ್ಷ, ಅದೂ ಅವರ ತಮ್ಮನ ಬಾಯಿಂದ!

ಅತ್ತೆ ಜೊತೆ ಸೊಸೆ:

ನಾನು ಇದನ್ನು ನೋಡಿದ್ದು ನಮ್ಮತ್ತೆ ಜೊತೆ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರಲ್ಲ. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೇ ದಿನಕ್ಕೆ ಗಂಟಲು ಕಟ್ಟಿತು. ಆದರೂ ಅವರು ಬಿಡಲಿಲ್ಲ.

ಅವರನ್ನು ಹಿಡಿದು ಕೂರಿಸಿದ್ದು ಆ ಪುಟ್ಟ ಮಗು. ಉನ್‌ಹಾ ಅಂತ ಹೆಸರು. ಓಡಿಬಂದು “ಅಪ್ಪಾ!” ಅನ್ನುತ್ತದೆ. ಕೊರಿಯನ್ ಭಾಷೆಯಲ್ಲೂ ಮಕ್ಕಳು ಅಪ್ಪನನ್ನು ಅಪ್ಪ ಅಂತಲೇ ಕರೆಯೋದು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿ, “ಇದು ಕನ್ನಡದ್ದೇನೇ?” ಅಂದರು. ಆಮೇಲೆ ‘ನೂನಾ’ ಹಿಡಿದರು. ಅಂದರೆ ಅಕ್ಕ, ಆದರೆ ತಮ್ಮ ಕರೆಯುವಾಗ ಮಾತ್ರ. ತಂಗಿ ಕರೆದರೆ ಅದಕ್ಕೆ ಬೇರೆ ಮಾತು. ಈ ಕಥೆಯಲ್ಲಿ ಅಕ್ಕ-ತಮ್ಮನ ಎಳೆ ಒಂದಿದೆ. ನನ್ನನ್ನು ಕೇಳಿದರೆ ಗಂಡ-ಹೆಂಡತಿಯದ್ದಕ್ಕಿಂತ ಅದೇ ಜಾಸ್ತಿ ಅಳಿಸುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಎಷ್ಟೋ ಕಡೆ ಆ ಜಾಗದಲ್ಲಿ ಬರೀ ಹೆಸರು ಹಾಕುತ್ತದೆ. ಕಿವಿ ಕೊಟ್ಟು ಕೇಳಿ, ಕನ್ನಡದವರಿಗೆ ಅದು ಬೇಗ ಸಿಗುತ್ತದೆ.

ಇನ್ನೊಂದು. ಆ ತಮ್ಮ ಇನ್ನೂ ಹುಡುಗನಾಗಿದ್ದಾಗ, ಅಪ್ಪ ಕೊಲೆಗಾರ ಅಂತ ಗೊತ್ತಾದ ಮೇಲೆ ಊರಿನವರು ಆ ಹುಡುಗನಿಗೆ ಅಪ್ಪನ ದೆವ್ವ ಮೆಟ್ಟಿದೆ ಅಂದುಕೊಳ್ಳುತ್ತಾರೆ. ಬಿಡಿಸೋಕೆ ಪೂಜೆ ಇಡುತ್ತಾರೆ. ನಾನು ಅನುವಾದ ಮಾಡಲು ಬಾಯಿ ತೆರೆದೆ. ಅತ್ತೆ “ಗೊತ್ತಾಯ್ತು, ಸುಮ್ನಿರು” ಅಂದರು.

16ನೇ ಕಂತು ಮುಗಿದಾಗ “ಇಷ್ಟಕ್ಕೇ ಮುಗೀತಾ?” ಅಂತ ಕೇಳಿದರು. ವರ್ಷಗಟ್ಟಲೆ ಓಡುವ ಧಾರಾವಾಹಿ ನೋಡಿದವರು ಅಲ್ವಾ. ಸತ್ತವರು ಬೇರೆ ಮುಖ ಹೊತ್ತು ವಾಪಸ್ ಬರಬೇಕು ಅಂತ ಎರಡು ದಿನ ಕಾದರು.

ಲಾಜಿಕ್ ಎಲ್ಲಿ:

ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬನಾದರೂ ಗೊಣಗಬೇಕಲ್ಲ. ನಟನೆ ಚೆನ್ನಾಗಿದೆ, ಒಪ್ಪಿದೆ. ನಿರ್ದೇಶಕ ಕಿಮ್ ಚೊಲ್-ಗ್ಯು ಅವರಿಗೆ 2021ರಲ್ಲಿ ಬೆಕ್‌ಸಾಂಗ್ ಅನ್ನೋ ಕೊರಿಯಾದ ಟಿವಿ-ಸಿನಿಮಾ ಪ್ರಶಸ್ತಿಯೂ ಇದಕ್ಕೇ ಬಂತು. ಆದರೆ ಪೊಲೀಸ್ ಕೆಲಸ ಹೀಗಿರುತ್ತಾ? ಸಂಶಯ ಬಂದಿರುವುದು ಸ್ವಂತ ಗಂಡನ ಮೇಲೆ, ಕೇಸಿನ ಫೈಲು ಅವಳ ಕೈಯಲ್ಲೇ! ಬೇಕಾದ ಹೊತ್ತಿಗೆ ಬೇಕಾದವರು ದಾರಿಯಲ್ಲಿ ಸಿಗುತ್ತಾರೆ. ಕೊನೆಗೆ ಒಂದು ಹಳೇ ಸಿನಿಮಾ ಉಪಾಯ ತಂದು ತುರುಕಿದ್ದಾರೆ. ಯಾವುದು ಅಂತ ಹೇಳಲ್ಲ, ಬಂದಾಗ ನಿಮಗೇ ಗೊತ್ತಾಗುತ್ತದೆ.

ರಕ್ತ ಆಗದವರಿಗೆ ನನ್ನ ಆಯ್ಕೆ ‘ವೆನ್ ದಿ ಕ್ಯಾಮೆಲಿಯಾ ಬ್ಲೂಮ್ಸ್’. 2019ರದ್ದು, ಕೆಬಿಎಸ್ 2 ಚಾನೆಲ್. ಅರ್ಧರ್ಧ ಗಂಟೆಯ 40 ತುಂಡು. ಮಗನನ್ನು ಒಬ್ಬಳೇ ಸಾಕುವ ಡಾಂಗ್‌ಬೆಕ್, ಓಂಗ್‌ಸಾನ್ ಅನ್ನೋ ಊರಿಗೆ ಬಂದು ಕ್ಯಾಮೆಲಿಯಾ ಅಂತ ಒಂದು ಬಾರ್ ಹಾಕುತ್ತಾಳೆ. ಅವಳ ಹೆಸರಿನ ಅರ್ಥವೂ ಅದೇ ಹೂವು. ಸೋಯಾ ಸಾಸಿನಲ್ಲಿ ನೆನೆಸಿದ ಏಡಿ ಮಾರುವ ಬೀದಿ ಅದು. ಅಲ್ಲಿನ ಹೆಂಗಸರ ಬಾಯಿಗೆ ಇವಳೇ ಅವಲಕ್ಕಿ. ಒಬ್ಬ ಪೆದ್ದು ಪೆದ್ದಾದ ಪೊಲೀಸ್ ಅವಳ ಹಿಂದೆ ಬೀಳುತ್ತಾನೆ. ಜೊತೆಗೆ ಜೋಕರ್ ಅನ್ನೋ ಸರಣಿ ಕೊಲೆಗಾರ. ಅವನ ಕೈಯಿಂದ ಉಳಿದುಕೊಂಡ ಸಾಕ್ಷಿ ಇವಳೊಬ್ಬಳೇ. ಇಲ್ಲಿ ಮುಕ್ಕಾಲು ಪ್ರೇಮ ಮತ್ತು ಊರ ಹರಟೆ, ಕಾಲು ಭಾಗ ಭಯ. ಪೊಹಾಂಗ್ ಕಡಲತೀರದ ಗುರ್ಯೊಂಗ್‌ಪೊದಲ್ಲಿ ಚಿತ್ರೀಕರಣ ಮಾಡಿದ್ದಾರೆ. ಆ ಇಳಿಜಾರು ಬೀದಿ ನೋಡಿದರೆ ಹೋಗಿ ಇದ್ದುಬಿಡೋಣ ಅನ್ನಿಸುತ್ತದೆ. 2020ರ ಬೆಕ್‌ಸಾಂಗ್‌ನಲ್ಲಿ ಟಿವಿ ವಿಭಾಗದ ದೊಡ್ಡ ಪ್ರಶಸ್ತಿ ಇದಕ್ಕೇ.

ಕೊಡಗಿನ ಕಡೆಯವ:

ಸಬ್‌ಟೈಟಲ್ ಕಷ್ಟ ಅಂದರೆ ‘ಫ್ಲವರ್ ಆಫ್ ಈವಿಲ್’ ಹಿಂದಿಯಲ್ಲೂ ಆಗಿದೆ. ‘ದುರಂಗಾ’, ಜೀ5, 2022. ಗಂಡನ ಪಾತ್ರ ನಮ್ಮ ಗುಲ್ಶನ್ ದೇವಯ್ಯ ಅವರದ್ದು, ಬೆಂಗಳೂರಲ್ಲಿ ಬೆಳೆದವರು. ಅಭಿಮಾನದಿಂದ ನೋಡಿದೆ, ಬೇಸರವಾಗಲಿಲ್ಲ. ಆದರೆ ಮೂಲವನ್ನೇ ಮೊದಲು ನೋಡಿ.

ನೈಟ್ ಶಿಫ್ಟ್ ನರ್ಸ್:

ಲಾಜಿಕ್ ಎಲ್ಲಿ ಅವರೇ, ಪೊಲೀಸ್ ನಿಯಮದ ಮಾತು ಸರಿ. ನನಗೂ ಎರಡು ಕಡೆ ನಗು ಬಂತು. ಆದರೆ ಆ ಫೈಲು ಬೇರೆಯವರ ಕೈಗೆ ಹೋದರೆ ಕಥೆ ಎಲ್ಲಿದೆ ಹೇಳಿ? ಗಂಡನ ಮೇಲೆ ಸಂಶಯ ಬಂದ ದಿನವೂ ಸಂಜೆ ಮನೆಗೆ ಹೋಗಿ ಅವನು ಬಡಿಸಿದ್ದನ್ನು ಅವಳು ಉಣ್ಣಬೇಕು. ನನಗೆ ಬೇಕಾದ ಲಾಜಿಕ್ ಆ ಊಟದಲ್ಲಿತ್ತು. ಕೊನೆಯ ಉಪಾಯದ ಬಗ್ಗೆ ಮಾತ್ರ ನಿಮ್ಮ ಪಕ್ಷ. ನನಗೂ ಕೋಪ ಬಂದಿತ್ತು.

ಕೇಳಿದವರಿಗೆ ಒಂದು ಮಾತು. ಕೊರಿಯನ್ ಟಿವಿಯಲ್ಲಿ ಚಾಕು ಕಂಡರೆ ಸಾಮಾನ್ಯವಾಗಿ ಮಸುಕು ಮಾಡುತ್ತಾರೆ. ಹಾಗಾಗಿ ಕಾಣುವುದು ಕಡಿಮೆ, ಊಹೆ ಜಾಸ್ತಿ. ಆದರೂ ಹಿಂಸೆಯ ದೃಶ್ಯ ಇದೆ, ಇಲ್ಲ ಅಂತ ಸುಳ್ಳು ಹೇಳಲ್ಲ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಂಡಾಗ ಅವರಿಗೆ “ಈಗ ನೋಡಬೇಡ” ಅಂತ ಹೇಳಿ. ಮಲಗುವ ಮುಂಚೆ ಎರಡು ಕಂತು ಬೇಡ, ಒಂದು ಸಾಕು. ಎಲ್ಲಾ ಕಂತೂ ಕುತ್ತಿಗೆ ಹಿಡಿದೇ ನಿಲ್ಲಿಸುತ್ತದೆ.

ಊಟದ ಮೇಲೆ ಟಿವಿ:

ಎಲ್ಲರಿಗೂ ಥ್ಯಾಂಕ್ಸ್. ಆರು ಕಂತು ಆಯಿತು. ಮೊದಲ ಮೂರು ದಿನ ಅವಳು ದಿಂಬು ಹಿಡಿದುಕೊಂಡು ಅರ್ಧ ಮುಖ ಮುಚ್ಚಿ ನೋಡಿದಳು. ಈಗ ಊಟದ ತಟ್ಟೆ ತೊಳೆಯದೆ ಬಂದು ಕೂರುತ್ತಾಳೆ. ರಿಮೋಟು ಅವಳ ಕೈಯಲ್ಲಿ. ನನಗೆ ಇಷ್ಟವಾದ ತನಿಖೆಯ ಭಾಗದಲ್ಲಿ ಅವಳೇ ನಿಲ್ಲಿಸಿ, “ಆ ಗಡಿಯಾರ ಆಗ ಇರಲಿಲ್ಲ, ಅಲ್ವಾ?” ಅಂತ ಕೇಳುತ್ತಾಳೆ. ನಾನೋ, ಆ ಅಕ್ಕ ಬಂದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದೇನೆ. ಕ್ಯಾಮೆಲಿಯಾ ಇದಾದ ಮೇಲೆ.

ಒಂದೇ ಒಂದು ತೊಂದರೆ. ನಿನ್ನೆ ರಾತ್ರಿ ಸ್ಕೂಟರ್ ಮೆಕ್ಯಾನಿಕ್ ಫೋನ್ ಮಾಡಿದ. ಮನೆಯೊಳಗೆ ಸಿಗ್ನಲ್ ಸಿಗಲ್ಲ, ಟೆರೇಸಿಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದೆ. ಬಾಗಿಲಲ್ಲೇ ನಿಂತಿದ್ದಳು. “ನೆಲಮಾಳಿಗೆ ಇಲ್ಲ ಅಂತ ಟೆರೇಸಾ?” ಅಂದಳು.