ಗುರ್ ಎನ್ನುವ ನಾಯಿಯನ್ನು ಮೊದಲು ಯಾರಿಗೆ ತೋರಿಸಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಲ್ಯಾಬ್ರಡಾರ್‌ಗೆ ಆರು ವರ್ಷ. ಮರಿಯಾಗಿದ್ದಾಗಿನಿಂದ ಮಗಳ ಜೊತೆಯಲ್ಲೇ ಬೆಳೆದವನು, ಯಾರ ಮೇಲೂ ಸಿಟ್ಟು ಮಾಡಿದವನಲ್ಲ. ಈಚೆಗೆ ಮಲಗಿರುವಾಗ ಅವಳು ಹತ್ತಿರ ಹೋದರೆ ಗುರ್ ಎನ್ನುತ್ತಾನೆ. ಮೊನ್ನೆ ತಬ್ಬಿಕೊಳ್ಳಲು ಹೋದಾಗ ಬಾಯಿ ಹಾಕಿದ, ಹಲ್ಲು ತಾಗಲಿಲ್ಲ. ತರಬೇತುದಾರರೊಬ್ಬರು, ‘ಮನೆಗೆ ತಾನೇ ಯಜಮಾನ ಅಂದುಕೊಂಡಿದ್ದಾನೆ. ಚೋಕ್ ಚೈನ್ ಹಾಕಿ, ಗುರ್ ಎಂದಾಗಲೆಲ್ಲ ನೆಲಕ್ಕೆ ಒತ್ತಿ ಹಿಡಿಯಿರಿ. ಎರಡು ವಾರದಲ್ಲಿ ಸರಿಮಾಡಿ ಕೊಡುತ್ತೇನೆ’ ಎಂದಿದ್ದಾರೆ. ಮನೆಯವರು ಯಾರಿಗಾದರೂ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎಳೆದರೆ ಕೊರಳಿಗೆ ಬಿಗಿಯುವ ಚೋಕ್ ಚೈನ್ ಬೇಡ ಅಮ್ಮಾ. ನೆಲಕ್ಕೆ ಒತ್ತಿ ಹಿಡಿಯುವುದಂತೂ ಖಂಡಿತ ಬೇಡ. ಹಾಗೆ ಹಿಡಿದಾಗ ಮುಖಕ್ಕೇ ಕಚ್ಚಿಸಿಕೊಳ್ಳುವ ಅಪಾಯವಿದೆ.

ಆರು ವರ್ಷ ಸೌಮ್ಯವಾಗಿದ್ದ ನಾಯಿ ಏಕಾಏಕಿ ಬದಲಾದರೆ ನನ್ನ ಮೊದಲ ಅನುಮಾನ ನೋವಿನ ಮೇಲೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಮತ್ತು ಮೊಣಕೈಯ ಕೀಲುಗಳ ಸವೆತ ಸಾಮಾನ್ಯ, ಕಿವಿಯ ಸೋಂಕೂ ಅಷ್ಟೇ. ಹಲ್ಲಿನ ಬೇರು ಕೊಳೆತಿರಬಹುದು, ಥೈರಾಯ್ಡ್ ಕಡಿಮೆಯಾಗಿರಬಹುದು, ಕಣ್ಣು ಮಂಜಾಗಿರಬಹುದು. ನಾಯಿ ಕುಂಟಿದರೆ ಮಾತ್ರ ನೋವು ಎಂದುಕೊಳ್ಳಬೇಡಿ. ಮೆಟ್ಟಿಲ ಬಳಿ ಹಿಂದೆಮುಂದೆ ನೋಡುವುದು, ಏಳಲು ತಡಮಾಡುವುದು, ಮುಟ್ಟಿದರೆ ಬಿಗಿಯಾಗುವುದು ಕೂಡ ನೋವೇ. ನಿಮ್ಮವನು ಗುರ್ ಎನ್ನುವುದು ಮಲಗಿರುವಾಗ ಮತ್ತು ತಬ್ಬಿಕೊಂಡಾಗ ಎಂಬುದನ್ನು ಗಮನಿಸಿ.

ಆದ್ದರಿಂದ ಮೊದಲು ಪಶುವೈದ್ಯರಲ್ಲಿಗೆ ಹೋಗಿ. ಲಸಿಕೆಗೆ ಹೋದಂತೆ ಐದು ನಿಮಿಷಕ್ಕೆ ಹೋಗಬೇಡಿ; ‘ನಡವಳಿಕೆ ಬದಲಾಗಿದೆ, ಪೂರ್ತಿ ತಪಾಸಣೆ ಬೇಕು’ ಎಂದು ಮೊದಲೇ ಹೇಳಿ ಸಮಯ ತೆಗೆದುಕೊಳ್ಳಿ. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದನ್ನು ಮೊಬೈಲ್‌ನಲ್ಲಿ ಚಿತ್ರಿಸಿ. ಕ್ಲಿನಿಕ್ಕಿನ ಗಾಬರಿಯಲ್ಲಿ ನಾಯಿ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ವಿಡಿಯೋ ಮುಚ್ಚಿಡುವುದಿಲ್ಲ. ಬಾಯಿ ಹಾಕುವುದನ್ನು ಚಿತ್ರಿಸಲೆಂದು ಕೆಣಕಬೇಡಿ. ನೋವೆಂದು ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ.

ಗುರ್ ಎಂದದ್ದಕ್ಕೆ ಹೊಡೆಯಬೇಡಿ, ಬೈಯಬೇಡಿ. ಅದು ಅವನ ಎಚ್ಚರಿಕೆ. ಎಚ್ಚರಿಸಿದಾಗಲೆಲ್ಲ ಪೆಟ್ಟು ಬಿದ್ದರೆ ಎಚ್ಚರಿಸುವುದನ್ನು ಬಿಡುತ್ತಾನೆ, ನೋವು ಹಾಗೇ ಉಳಿಯುತ್ತದೆ. ಆಮೇಲೆ ನೇರವಾಗಿ ಹಲ್ಲು ಇಳಿಯುತ್ತದೆ.

ಯಜಮಾನಿಕೆಯ ಮಾತಿಗೆ ಮೂಲ ತೋಳಗಳ ಅಧ್ಯಯನ. ತೋಳಗಳು ಯಜಮಾನಿಕೆಗಾಗಿ ಪೈಪೋಟಿ ನಡೆಸುತ್ತವೆ ಎಂದು 1947ರಲ್ಲಿ ಸಂಶೋಧಕ ರುಡಾಲ್ಫ್ ಶೆಂಕೆಲ್ ಅವರು ವಿವರಿಸಿದ್ದು ಒಂದೇ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಕಾಡಿನ ತೋಳಗಳನ್ನು ದಶಕಗಳ ಕಾಲ ಗಮನಿಸಿದ ಡೇವಿಡ್ ಮೆಕ್ ಅವರು 1999ರಲ್ಲಿ, ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಕುಟುಂಬ ಎಂದು ತೋರಿಸಿದರು. ಹಳೆಯ ವಾದ ಮಾತ್ರ ನಾಯಿಗಳ ಕೊರಳಿನಿಂದ ಇನ್ನೂ ಇಳಿದಿಲ್ಲ, ಅದೇ ನನ್ನ ಬೇಸರ.

ತಪಾಸಣೆ ಆಗುವವರೆಗೆ ಮಗಳನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ. ಅವನ ಹಾಸಿಗೆ ಯಾರೂ ದಾಟದ ಮೂಲೆಯಲ್ಲಿರಲಿ. ಅವಳು ಹತ್ತಿರ ಹೋಗುವುದು ಬೇಡ. ದೂರದಿಂದ ಕರೆಯಲಿ, ಮನಸ್ಸಿದ್ದರೆ ಅವನೇ ಬರುತ್ತಾನೆ. ಅಕಸ್ಮಾತ್ ಹಲ್ಲು ತಾಗಿದರೆ, ನಾಯಿಗೆ ಲಸಿಕೆ ಆಗಿದ್ದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ: ತಪಾಸಣೆಯಲ್ಲಿ ಏನೂ ಸಿಗದಿದ್ದರೆ? ಕೊಟ್ಟುಬಿಡುವುದೇ ಸರಿಯೇ?

ಉತ್ತರ: ಆ ನಿರ್ಧಾರ ಈಗಲೇ ಬೇಡ. ಆಗ ಪ್ರಾಣಿಗಳ ನಡವಳಿಕೆಯಲ್ಲಿ ಪರಿಣತಿ ಇರುವ ಪಶುವೈದ್ಯರನ್ನು ಕಾಣಬೇಕು. ಯಾರಿದ್ದಾರೆಂದು ನಿಮ್ಮ ವೈದ್ಯರನ್ನೇ ಕೇಳಿ. ಕೂರು, ನಿಲ್ಲು, ಬಾ ಎಂಬುದನ್ನು ತರಬೇತುದಾರರು ಚೆನ್ನಾಗಿ ಕಲಿಸುತ್ತಾರೆ. ಆದರೆ ಭಯ ಮತ್ತು ಆಕ್ರಮಣಶೀಲತೆಗೆ ರೋಗನಿರ್ಣಯ ಬೇಕು. ತರಬೇತುದಾರರಾಗಲು ಹೆಚ್ಚಿನ ಕಡೆ ಪರವಾನಗಿಯೂ ಬೇಕಿಲ್ಲ, ಆದ್ದರಿಂದ ವಿಚಾರಿಸಿಕೊಳ್ಳುವ ಹೊಣೆ ನಿಮ್ಮದು. ‘ಅವನು ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ಎಳೆತ, ಶಾಕ್, ಒತ್ತಿ ಹಿಡಿಯುವುದು ಬಂದರೆ ಬೇಡ. ಇಷ್ಟು ದಿನದಲ್ಲಿ ಗ್ಯಾರಂಟಿ ಎಂದರೂ ಬೇಡ. ನೀವು ನೋಡದಂತೆ ನಾಯಿಯನ್ನು ತಮ್ಮಲ್ಲೇ ಇರಿಸಿಕೊಂಡು ಸರಿಮಾಡುತ್ತೇನೆ ಎನ್ನುವವರ ಬಳಿ ಬಿಡಲೇಬೇಡಿ.

ಮುಂದೆ ಕೊಡಲೇಬೇಕಾಗಿ ಬಂದರೆ, ಪಡೆಯುವವರಿಗೆ ಬಾಯಿ ಹಾಕಿದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿ. ಆ ಮನೆಯಲ್ಲೂ ಮಕ್ಕಳಿರಬಹುದು.

ಇನ್ನೊಬ್ಬರು: ಸರ್, ನಮ್ಮ ಗಂಡು ಬೆಕ್ಕು ಮಲಮೂತ್ರಕ್ಕೆಂದು ಇಟ್ಟ ಟ್ರೇ ಬಿಟ್ಟು ಹಾಸಿಗೆಯ ಮೇಲೆ ಮೂತ್ರ ಮಾಡುತ್ತಿದೆ. ಇದೂ ನಡವಳಿಕೆಯ ಸಮಸ್ಯೆಯೇ?

ಉತ್ತರ: ಮೂತ್ರ ಧಾರಾಳವಾಗಿ ಬರುತ್ತಿದೆಯೇ ಎಂದು ಈಗಲೇ ನೋಡಿ. ಮತ್ತೆ ಮತ್ತೆ ಕುಳಿತು ತಿಣುಕುತ್ತಾ ಹನಿಯೂ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಗಂಡು ಬೆಕ್ಕುಗಳಲ್ಲಿ ಇದು ಎರಡು ಮೂರು ದಿನದಲ್ಲಿ ಪ್ರಾಣ ತೆಗೆಯುತ್ತದೆ, ರಾತ್ರಿಯಾದರೂ ಕಾಯಬೇಡಿ. ಧಾರಾಳವಾಗಿ ಬರುತ್ತಿದ್ದರೂ ಮೂತ್ರ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದ ಮೇಲೆ ಟ್ರೇಯ ವಿಷಯ: ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ, ದಿನವೂ ಶುಚಿಯಾಗಲಿ.

ಮತ್ತೊಬ್ಬರು: ನಡವಳಿಕೆಗೆ ಮಾತ್ರೆ ಕೊಟ್ಟರೆ ನಾಯಿ ಮಂಕಾಗಿಬಿಡುವುದಿಲ್ಲವೇ?

ಉತ್ತರ: ಸರಿಯಾದ ಔಷಧ, ಸರಿಯಾದ ಪ್ರಮಾಣ ಇದ್ದರೆ ಇಲ್ಲ. ಗಾಬರಿಯಿಂದ ನಡುಗುತ್ತಿರುವ ನಾಯಿ ಏನನ್ನೂ ಕಲಿಯಲಾರದು. ಔಷಧ ಆ ಗಾಬರಿಯನ್ನು ತಗ್ಗಿಸಿ ಕಲಿಕೆಗೆ ದಾರಿ ಮಾಡುತ್ತದೆ. ಫ್ಲುಓಕ್ಸೆಟಿನ್‌ನಂಥ ಔಷಧದ ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರಗಳಲ್ಲಿ ಹಸಿವು ಕುಗ್ಗಬಹುದು. ತರಬೇತಿ ಜೊತೆಯಲ್ಲೇ ನಡೆಯಬೇಕು. ಗುಣ ಕಂಡಿತೆಂದು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಎಷ್ಟೆಷ್ಟು ಇಳಿಸಬೇಕೆಂದು ಕೊಟ್ಟ ವೈದ್ಯರೇ ಹೇಳುತ್ತಾರೆ.